ಕೆನ್ಯಾದ ‘ನಾಯಿಬು ರಾಯಿಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ, ಸ್ವಲ್ಪ ದಾರಿ ತೋರಿಸಿ. ಕೆನ್ಯಾದ ‘ಡೆಪ್ಯುಟಿ ಪ್ರೆಸಿಡೆಂಟ್’ಗೆ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ‘ನಾಯಿಬು ರಾಯಿಸ್’ ಅನ್ನುತ್ತಾರೆ, ಅದಕ್ಕೆ ಕನ್ನಡ ಪದ ಬೇಕು.

ಜೋಸೆಫ್ ಮುರುಂಬಿ ಬಗ್ಗೆ ಬರೆಯುತ್ತಿದ್ದೆ. ತಂದೆ ಗೋವಾದವರು, ತಾಯಿ ಮಸಾಯಿ ಜನಾಂಗದವರು, ಓದಿದ್ದು ನಮ್ಮ ಬೆಂಗಳೂರು ಮತ್ತು ಬಳ್ಳಾರಿಯ ಶಾಲೆಗಳಲ್ಲಿ. 1966ರಲ್ಲಿ ಕೆಲವೇ ತಿಂಗಳು ಕೆನ್ಯಾದ ವೈಸ್ ಪ್ರೆಸಿಡೆಂಟ್ ಆಗಿದ್ದರು. ‘ಉಪಾಧ್ಯಕ್ಷ’ ಅಂತ ಬರೆದು ಮುಂದೆ ಹೋದೆ. ಕೊನೆಯಲ್ಲಿ ಆ ಹುದ್ದೆಯಲ್ಲಿದ್ದವರ ಹೆಸರೆಲ್ಲ ಕೊಡೋಣ ಅಂತ ಕೂತರೆ 2013ಕ್ಕೆ ಬಂದು ಕೈ ನಿಂತಿತು. ಅಲ್ಲಿಂದ ಈಚೆಗೆ ವೈಸ್ ಪ್ರೆಸಿಡೆಂಟ್ ಇಲ್ಲ, ಡೆಪ್ಯುಟಿ ಪ್ರೆಸಿಡೆಂಟ್ ಇದ್ದಾರೆ.

ಸುಮ್ನೆ ಹೆಸರು ಬದಲಾಗಿದ್ದರೆ ನಾನೂ ‘ಉಪಾಧ್ಯಕ್ಷ’ ಅಂತಲೇ ಬಿಡುತ್ತಿದ್ದೆ. ಆದರೆ ಹುದ್ದೆಯೇ ಬೇರೆ. ಮೊದಲು ಅಧ್ಯಕ್ಷರೇ ಸಂಸದರಲ್ಲಿ ಒಬ್ಬರನ್ನು ಆರಿಸಿ ಕೂರಿಸುತ್ತಿದ್ದರು, ಬೇಡವಾದರೆ ತೆಗೆಯುತ್ತಿದ್ದರು. ಅಧ್ಯಕ್ಷರಾಗಿದ್ದ ಮೋಯಿ ಅವರಂತೂ 1998ರಲ್ಲಿ ಆ ಜಾಗವನ್ನು ಒಂದು ವರ್ಷಕ್ಕೂ ಜಾಸ್ತಿ ಖಾಲಿ ಬಿಟ್ಟಿದ್ದರು. 2010ರ ಸಂವಿಧಾನ ಬಂದ ಮೇಲೆ ಅಧ್ಯಕ್ಷ, ಡೆಪ್ಯುಟಿ ಇಬ್ಬರೂ ಜೋಡಿಯಾಗಿ ಚುನಾವಣೆಗೆ ನಿಲ್ಲಬೇಕು, ಒಂದೇ ಮತಕ್ಕೆ ಇಬ್ಬರೂ ಗೆಲ್ಲುತ್ತಾರೆ. ಅಧ್ಯಕ್ಷರು ತೀರಿಕೊಂಡರೆ ಉಳಿದ ಅವಧಿ ಪೂರ್ತಿ ಡೆಪ್ಯುಟಿಯದೇ. ಹಳೆಯ ಕಾಲದಲ್ಲಿ ವೈಸ್ ಪ್ರೆಸಿಡೆಂಟ್ 90 ದಿನ ಹಂಗಾಮಿ ಅಧ್ಯಕ್ಷ, ಅಷ್ಟರೊಳಗೆ ಚುನಾವಣೆ. ಈಗ ಅಧ್ಯಕ್ಷರು ಮನಸ್ಸು ಮಾಡಿದ ಮಾತ್ರಕ್ಕೆ ಇವರನ್ನು ಕಿತ್ತುಹಾಕಲೂ ಆಗಲ್ಲ. 2024ರ ಅಕ್ಟೋಬರಿನಲ್ಲಿ ಆಗಿನ ಡೆಪ್ಯುಟಿ ಗಚಾಗುವಾ ಅವರನ್ನು ಇಳಿಸಲು ಸಂಸತ್ತಿನ ಎರಡೂ ಮನೆಗಳಲ್ಲಿ ಮತ ಹಾಕಬೇಕಾಯಿತು.

ಸ್ವಾಹಿಲಿಯವರಿಗೆ ಈ ತೊಂದರೆ ಇಲ್ಲ. ಹಳೆಯ ಹುದ್ದೆ ‘ಮಕಾಮು ವ ರಾಯಿಸ್’, ಹೊಸದು ‘ನಾಯಿಬು ರಾಯಿಸ್’. ಪಕ್ಕದ ಟಾಂಜಾನಿಯಾದಲ್ಲಿ ಇವತ್ತಿಗೂ ಮಕಾಮು. ಈ ‘ನಾಯಿಬು’ ನೋಡಿದ ಕೂಡಲೇ ನನಗೆ ಖುಷಿಯಾಯಿತು, ಯಾಕೆಂದರೆ ಅದು ಅರಬಿಯಿಂದ ಬಂದದ್ದು, ನಮ್ಮ ಸೈನ್ಯದಲ್ಲಿ ‘ನಾಯಬ್ ಸುಬೇದಾರ್’ ಅನ್ನುವಾಗಿನ ನಾಯಬ್ ಕೂಡ ಅದೇ! ಒಂದೇ ಪದ ಆ ದಡಕ್ಕೂ ಹೋಗಿದೆ, ಈ ದಡಕ್ಕೂ ಬಂದಿದೆ.

ನಮ್ಮಲ್ಲಿ ವೈಸ್‌ಗೂ ಉಪ, ಡೆಪ್ಯುಟಿಗೂ ಉಪ. ಉಪಮುಖ್ಯಮಂತ್ರಿ, ಉಪರಾಷ್ಟ್ರಪತಿ, ಎಲ್ಲ ಒಂದೇ ಅಚ್ಚು. ಆದರೆ ಜಿಲ್ಲೆಯ ಡೆಪ್ಯುಟಿ ಕಮಿಷನರ್‌ಗೆ ಮಾತ್ರ ‘ಜಿಲ್ಲಾಧಿಕಾರಿ’ ಅನ್ನುತ್ತೇವೆ, ಉಪ ಅನ್ನುವುದೇ ಇಲ್ಲ. ಅಂದರೆ ಕೆಲಸ ನೋಡಿ ಹೆಸರಿಡುವುದು ನಮಗೆ ಹೊಸದಲ್ಲ, ಅಲ್ವಾ? ಕೆನ್ಯಾದವರಿಗೆ ‘ಉಪರಾಷ್ಟ್ರಪತಿ’ ಅನ್ನುವುದು ನನಗೆ ಸರಿಕಾಣಲ್ಲ, ಓದುವವರ ಕಣ್ಣಮುಂದೆ ರಾಜ್ಯಸಭೆಯ ಸಭಾಪತಿಯ ಕುರ್ಚಿ ಬಂದುಬಿಡುತ್ತದೆ. ‘ಸಹಾಧ್ಯಕ್ಷ’ ಅಂದರೆ ಇಬ್ಬರೂ ಸಮ ಅಂತಾಗುತ್ತದೆ. ‘ಕಿರಿಯ ಅಧ್ಯಕ್ಷ’ ತೀರಾ ಚಿಕ್ಕದು ಮಾಡುತ್ತದೆ.

ಸದ್ಯಕ್ಕೆ ಮುರುಂಬಿ ಅವರಿಗೆ ‘ಉಪಾಧ್ಯಕ್ಷ’, 2013ರಲ್ಲಿ ಮೊದಲ ಡೆಪ್ಯುಟಿ ಪ್ರೆಸಿಡೆಂಟ್ ಆದ ರುಟೊ ಅವರಿಂದ ಈಚೆಗೆ ‘ನಾಯಬ್ ಅಧ್ಯಕ್ಷ’ ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಹೇಗೆ ಕೇಳುತ್ತದೆ ಹೇಳಿ. ಕಂದಾಯ ಕಚೇರಿಯ ಹಳೆಯ ಕಾಗದಪತ್ರ ನೋಡಿದವರು ಯಾರಾದರೂ ಇದ್ದರೆ, ‘ನಾಯಬ’ ಅಂತ ಅದರಲ್ಲಿ ಯಾರನ್ನು ಕರೆಯುತ್ತಿದ್ದರು ಅಂತಲೂ ತಿಳಿಸಿ.