ಮನೆಯ ಗುಂಪಿನಲ್ಲಿ ಅಪ್ಪನ ಉಸಿರಿನ ಮಾತು

ಪೆರ್ಲದ ಅತ್ತೆ, ಸಂಜೆ 7:12
(ವೀಡಿಯೊ)
ಎಲ್ಲರೂ ನೋಡಿ. ಕೊಯ್ಯದೆ, ಹೊಲಿಗೆ ಹಾಕದೆ ಶ್ವಾಸಕೋಶ ಸರಿ ಮಾಡ್ತಾರಂತೆ. ಒಂದೇ ಗಂಟೆ ಸಾಕಂತೆ. ನಮ್ಮ ಅಣ್ಣನಿಗೆ ಮಾಡಿಸಬಾರದಾ?

ಬೆಂಗಳೂರಿನ ಅಣ್ಣ, 7:20
ಅತ್ತೆ, ದಯವಿಟ್ಟು ಇಂಥದ್ದು ಹಾಕಬೇಡಿ. ಅಪ್ಪನಿಗಿರುವ ಎಂಫಿಸೀಮಾದಲ್ಲಿ ಶ್ವಾಸಕೋಶದ ಗಾಳಿಚೀಲಗಳೇ ಹಾಳಾಗ್ತವೆ, ಹಾಳಾದದ್ದು ವಾಪಸ್ ಬರುವುದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಅಪ್ಪನ ಕಿವಿಗೆ ಬಿದ್ದರೆ ಸುಮ್ಮನೆ ಆಸೆ ಪಡ್ತಾರೆ.

ಪೆರ್ಲದ ಅತ್ತೆ, 7:22
ಆಸೆ ಪಟ್ಟರೆ ತಪ್ಪೇನು ಮಗಾ? ಮೊನ್ನೆ ಬಂದಾಗ ಅವನು ನನ್ನ ಹತ್ತಿರ ಒಂದು ಮಾತು ಪೂರ್ತಿ ಆಡಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಕೈಸನ್ನೆ ಮಾಡಿದ.

ನಾನು, 7:41
ಅತ್ತೆ, ವೀಡಿಯೊದಲ್ಲಿ ಹೇಳಿದಷ್ಟು ಸುಲಭ ಅಲ್ಲ. ಅಣ್ಣಾ, ನೀನು ಹೇಳಿದ ಹಾಗೆ ಸುಳ್ಳೂ ಅಲ್ಲ. ಚಿಕಿತ್ಸೆ ನಿಜವಾಗಿ ಉಂಟು. ಬಾಯಿಯ ಮೂಲಕ ಸಣ್ಣ ಕೊಳವೆ ಇಳಿಸಿ, ತೀರಾ ಹಾಳಾದ ಒಂದು ಭಾಗಕ್ಕೆ ಹೋಗುವ ಶ್ವಾಸನಾಳಗಳಲ್ಲಿ ಪುಟ್ಟ ವಾಲ್ವ್ ಕೂರಿಸ್ತಾರೆ, ಸಾಮಾನ್ಯವಾಗಿ 3ರಿಂದ 5. ಅಮೆರಿಕದಲ್ಲಿ ಇದಕ್ಕೆ 2018ರಲ್ಲಿ ಅನುಮತಿ ಸಿಕ್ಕಿದೆ. ಮೊದಲೆಲ್ಲ ಎದೆ ತೆರೆದು ಆ ಭಾಗವನ್ನೇ ಕತ್ತರಿಸಿ ತೆಗೀತಿದ್ದರು.

ಕುಂಬಳೆ ಮಾವ, 7:48
ಉಸಿರು ಕಟ್ಟುವವನಿಗೆ ಇನ್ನೂ ಬೂಚು ಹಾಕಿದರೆ ಹೇಗೆ ಮಾರಾಯ್ತಿ?

ನಾನು, 7:55
ಮಾವ, ನಮ್ಮ ತೋಟದ ಪಂಪಿನ ಫುಟ್‌ವಾಲ್ವ್ ನೆನಪು ಮಾಡಿಕೊಳ್ಳಿ. ನೀರು ಒಂದೇ ಕಡೆಗೆ ಹೋಗ್ತದೆ, ವಾಪಸ್ ಬಾರದು. ಇದೂ ಹಾಗೆಯೇ. ಆ ಭಾಗದ ಗಾಳಿ ಹೊರಗೆ ಬರ್ತದೆ, ಹೊಸತು ಒಳಗೆ ಹೋಗುವುದಿಲ್ಲ. ಅಪ್ಪನಿಗೆ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಕಷ್ಟ. ಹಳೆ ಗಾಳಿ ಒಳಗೇ ಸಿಕ್ಕಿಬಿದ್ದು ಶ್ವಾಸಕೋಶ ಉಬ್ಬಿ, ಕೆಳಗಿನ ವಪೆಯನ್ನು, ಅಂದರೆ ಉಸಿರೆಳೆಯುವ ಸ್ನಾಯುವನ್ನು, ಒತ್ತಿ ಚಪ್ಪಟೆ ಮಾಡಿದೆ. ಕೆಟ್ಟ ಭಾಗ ಕುಗ್ಗಿದರೆ ಉಳಿದದ್ದಕ್ಕೆ ಜಾಗ ಸಿಗ್ತದೆ. ಕಾಯಿಲೆ ಹೋಗುವುದಿಲ್ಲ, ಉಸಿರಾಟ ಸ್ವಲ್ಪ ಹಗುರ ಆಗ್ತದೆ.

ಆದರೆ ಎಲ್ಲರಿಗೂ ಆಗುವುದಿಲ್ಲ. ಶ್ವಾಸಕೋಶದ ಭಾಗಗಳ ನಡುವಿನ ಗೋಡೆ ಸರಿ ಇರಬೇಕು. ಅದರಲ್ಲಿ ತೂತಿದ್ದರೆ ಪಕ್ಕದ ಭಾಗದಿಂದ ಗಾಳಿ ನುಗ್ಗಿ ವಾಲ್ವ್ ಹಾಕಿಯೂ ದಂಡ. ಕಟ್ಟದಲ್ಲಿ ಏಡಿ ಮಾಟೆ ಇದ್ದ ಹಾಗೆ, ಎಷ್ಟು ಮಣ್ಣು ಮೆತ್ತಿದರೂ ನೀರು ನಿಲ್ಲುವುದಿಲ್ಲ. ಅದು ಸಿಟಿ ಸ್ಕ್ಯಾನ್ ನೋಡಿಯೇ ಗೊತ್ತಾಗಬೇಕು.

ಕುಂಬಳೆ ಮಾವ, 8:03
ಈಗ ತಲೆಗೆ ಹೋಯ್ತು. ಆದರೂ ಭಾವನಿಗೆ 71. ಈ ವಯಸ್ಸಿನಲ್ಲಿ ಮಂಗಳೂರಿಗೆ ಓಡಾಡಿಸುವುದು ಬೇಕಾ? ನೆಮ್ಮದಿಯಲ್ಲಿ ಇರಲಿ.

ನಾನು, 8:06
ಮಾವ, ಅವರು ನೆಮ್ಮದಿಯಲ್ಲಿ ಇಲ್ಲ. ಇವತ್ತು ಬೆಳಿಗ್ಗೆ ಅಂಗಿಯ ಒಂದು ಕೈ ಹಾಕಿಕೊಂಡು ಮಂಚದ ಅಂಚು ಹಿಡಿದು ಕೂತರು. ತುಟಿ ಚೂಪು ಮಾಡಿ ಒಲೆ ಊದುವ ಹಾಗೆ ಊದ್ತಾ ಇದ್ದರು. ಇನ್ನೊಂದು ಕೈ ಹಾಕುವಷ್ಟರಲ್ಲಿ ನಾನು ಚಾ ಕುದಿಸಿ ಇಳಿಸಿ ಆಗಿತ್ತು.

ಬೆಂಗಳೂರಿನ ಅಣ್ಣ, 8:31
ಈಗ ಓದಿದೆ. ಲಿಬರೇಟ್ ಅಂತ 2018ರ ಅಧ್ಯಯನ. ವಾಲ್ವ್ ಗುಂಪಿನ 128 ಜನರಲ್ಲಿ 34 ಮಂದಿಗೆ ಮೊದಲ 45 ದಿನದೊಳಗೆ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡಿತು. ಅದೇ ಅವಧಿಯಲ್ಲಿ ನಾಲ್ವರು ತೀರಿಕೊಂಡರು. ನಾಲ್ಕರಲ್ಲಿ ಒಬ್ಬರಿಗೆ ಹೀಗಾಗ್ತದೆ ಅಂದರೆ, ತಂಗೀ, ನಾನು ಒಪ್ಪುವುದಿಲ್ಲ.

ಪೆರ್ಲದ ಅತ್ತೆ, 8:33
ಅಯ್ಯೋ ದೇವರೇ. ವೀಡಿಯೊದಲ್ಲಿ ಇದನ್ನು ಹೇಳಲೇ ಇಲ್ಲ.

ನಾನು, 8:50
ನೀನು ಓದಿದ್ದು ಸರಿ ಅಣ್ಣಾ. ಅದನ್ನು ಅಪ್ಪನಿಗೂ ಹೇಳಲೇಬೇಕು. ಗಾಳಿ ಸೋರುವುದು ಹೆಚ್ಚಾಗಿ ಮೊದಲ ಮೂರು ದಿನಗಳಲ್ಲೇ, ಅದಕ್ಕೇ ಅಷ್ಟು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಳ್ತಾರೆ. ಬೇಕಾದರೆ ಎದೆಗೆ ಟ್ಯೂಬ್ ಹಾಕ್ತಾರೆ, ವಾಲ್ವ್ ವಾಪಸ್ ತೆಗೆಯಲೂಬಹುದು. ಆ ಅಧ್ಯಯನದ ಇನ್ನೊಂದು ಅರ್ಧವನ್ನೂ ಓದು: ಒಂದು ವರ್ಷದ ಮೇಲೆ ಊದುವ ಪರೀಕ್ಷೆಯಲ್ಲಿ ಶೇ. 15 ಅಥವಾ ಹೆಚ್ಚು ಸುಧಾರಣೆ ಕಂಡವರು ವಾಲ್ವ್ ಹಾಕಿದವರಲ್ಲಿ ಶೇ. 47.7, ಹಾಕದವರಲ್ಲಿ ಶೇ. 16.8.

ವಾಲ್ವ್ ಹಾಕಿಸೋಣ ಅಂತ ನಾನು ಹೇಳುತ್ತಿಲ್ಲ. ಆಗ್ತದಾ ಇಲ್ಲವಾ ಅಂತ ನೋಡಿಸೋಣ ಅಂತ ಅಷ್ಟೆ. ಸ್ಕ್ಯಾನ್, ಊದುವ ಪರೀಕ್ಷೆ, ಆರು ನಿಮಿಷ ನಡೆಸಿ ನೋಡುವುದು. ಬೀಡಿ ಬಿಟ್ಟಿರಬೇಕು, ಅಪ್ಪ ಬಿಟ್ಟು ಎರಡು ವರ್ಷ ಆಯ್ತು. ಉಸಿರಾಟದ ವ್ಯಾಯಾಮವೂ ಮೊದಲು ಮಾಡಿಸಬೇಕು, ಅದನ್ನು ನಾವು ಇನ್ನೂ ಶುರುವೇ ಮಾಡಿಲ್ಲ. ಬಚ್ಚಲ ಒಲೆಗೆ ಅಡಿಕೆ ಸೋಗೆ ಒಟ್ಟುವುದನ್ನು ಅಮ್ಮ ನಿಲ್ಲಿಸಬೇಕು, ಆ ಹೊಗೆ ಸೀದಾ ಅಪ್ಪನ ಕೋಣೆಗೇ ಬರ್ತದೆ.

ಬೆಂಗಳೂರಿನ ಅಣ್ಣ, 9:04
ಪರೀಕ್ಷೆಗೆ ನನ್ನ ಅಡ್ಡಿ ಇಲ್ಲ. ವಾಲ್ವ್ ವಿಷಯ ಅಪ್ಪನೇ ಹೇಳಲಿ, ನಾವ್ಯಾರೂ ಅವರನ್ನು ದೂಡುವುದು ಬೇಡ.

ನಾನು, 9:05
ಅದನ್ನೇ ನಾನೂ ಹೇಳ್ತಿರುವುದು.

ಕುಂಬಳೆ ಮಾವ, 9:10
ಗುರುವಾರ ಕಾರು ತರ್ತೇನೆ. ಬೆಳಿಗ್ಗೆ ಆರಕ್ಕೆ ಹೊರಟರೆ ಬಿಸಿಲಿಗೆ ಮೊದಲು ಮುಟ್ಟಬಹುದು. ಹಳೆ ಸ್ಕ್ಯಾನಿನ ಫಿಲ್ಮ್ ಎಲ್ಲುಂಟು?

ನಾನು, 9:12
ದೇವರ ಕೋಣೆಯ ಪೆಟ್ಟಿಗೆಯ ಮೇಲೆ, ಪಂಚಾಂಗದ ಅಡಿಯಲ್ಲಿ. ಮಡಚದ ಹಾಗೆ ರಟ್ಟು ಕೊಟ್ಟು ಇಟ್ಟಿದ್ದೇನೆ.