ಕೊಲಂಬೊ ಮೇಲೆ ಬಾಂಬ್ ಹಾಕಿದ ಆ ವಿಮಾನ ಟೋಕಿಯೊದಲ್ಲಿ ನೋಡೋಕೆ ಸಿಗುತ್ತಾ? ನೋಡಿದವರು ಹೇಳಿ

ಕೇಳಿದವರು: ಮುಂದಿನ ತಿಂಗಳು ಕೆಲಸದ ಮೇಲೆ ಟೋಕಿಯೊಗೆ ಹೋಗ್ತಿದ್ದೀನಿ, ಹದಿನಾಲ್ಕು ವರ್ಷದ ಮಗನೂ ಬರ್ತಾನೆ. ನಮ್ಮ ತಾತ ಕೊಲಂಬೊದಲ್ಲಿ ಹೋಟೆಲ್ ಕೆಲಸಕ್ಕಿದ್ದವರು. 1942ರ ಏಪ್ರಿಲ್ 5, ಈಸ್ಟರ್ ಭಾನುವಾರ, ಜಪಾನಿನ ವಿಮಾನಗಳು ಬಂದಿದ್ದನ್ನ ಕಣ್ಣಾರೆ ಕಂಡಿದ್ರು. ಚಕ್ರ ಹೊರಗೇ ಚಾಚಿಕೊಂಡಿದ್ದ ಆ ಡೈವ್ ಬಾಂಬರ್ (ಮೇಲಿಂದ ಧುಮುಕಿ ಬಾಂಬ್ ಹಾಕೋ ವಿಮಾನ) ಅಲ್ಲಿದೆಯಾ? ಬಿಡುವು ಒಂದೇ ಭಾನುವಾರ.

ಟೋಕಿಯೊದಲ್ಲಿರುವವರು: ನೀವು ಹೇಳ್ತಿರೋದು ಐಚಿ ಡಿ3ಎ. ಅಮೆರಿಕನ್ನರು ಅದಕ್ಕೆ ಇಟ್ಟ ಹೆಸರು 'ವ್ಯಾಲ್'. ಅದೇ ದಿನ ಕೊಲಂಬೊದ ದಕ್ಷಿಣಕ್ಕೆ ಸಮುದ್ರದಲ್ಲಿ ಬ್ರಿಟಿಷರ ಡಾರ್ಸೆಟ್‌ಶೈರ್, ಕಾರ್ನ್‌ವಾಲ್ ಅನ್ನೋ ಎರಡು ಯುದ್ಧನೌಕೆಗಳನ್ನ ಮುಳುಗಿಸಿದ್ದೂ ಇವೇ, 53 ವಿಮಾನ. ಇಲ್ಲಿನ ಯುದ್ಧ ಮ್ಯೂಸಿಯಂ ಯೂಶೂಕಾನ್‌ನಲ್ಲಿ ಅದು ಸಿಗಲ್ಲ. ಅಲ್ಲಿರೋದು ಅದರ ಜಾಗಕ್ಕೆ ಬಂದ ಯೊಕೊಸುಕಾ ಡಿ4ವೈ 'ಸುಯಿಸೇ', ಅಂದ್ರೆ ಧೂಮಕೇತು. ಆದ್ರೂ ಖಂಡಿತ ಹೋಗಿ. ಪ್ರಪಂಚದಲ್ಲಿ ಉಳಿದಿರೋದೇ ಬೆರಳೆಣಿಕೆ.

ಯೂಶೂಕಾನ್ ಯಾಸುಕುನಿ ದೇಗುಲದ ಆವರಣದಲ್ಲೇ ಇರೋ ಮ್ಯೂಸಿಯಂ. ಕುದಾನ್‌ಶಿತಾ ಸ್ಟೇಷನ್‌ನಲ್ಲಿ ಇಳಿದು ಏರು ಹತ್ತಿದ್ರೆ ಸಾಕು. ಬಾಗಿಲಲ್ಲೇ ಜಪಾನಿನ 'ಜೀರೋ' ಯುದ್ಧವಿಮಾನ ಕಾಣುತ್ತೆ. ಸುಮಾರು ಜನ ಅದನ್ನ ನೋಡಿ ಮುಗೀತು ಅಂತ ಹೊರಟುಬಿಡ್ತಾರೆ. ಟಿಕೆಟ್ ತಗೊಂಡು ಒಳಗಿನ ದೊಡ್ಡ ಹಾಲ್‌ವರೆಗೂ ಹೋಗಿ, ಸುಯಿಸೇ ಅಲ್ಲಿದೆ. ಪೆಸಿಫಿಕ್‌ನ ಯಾಪ್ ದ್ವೀಪದಲ್ಲಿ ಬಿದ್ದಿದ್ದನ್ನ ತಂದು ಸರಿಮಾಡಿ ನಿಲ್ಲಿಸಿದ್ದಾರೆ.

ಮಗನನ್ನ ಮೊದಲು ಮೂತಿ ಹತ್ತಿರ ನಿಲ್ಲಿಸಿ. ಉದ್ದಕ್ಕೆ, ಚೂಪಾಗಿದೆ. ಯಾಕಂದ್ರೆ ಒಳಗಿದ್ದದ್ದು ದ್ರವದಿಂದ ತಣಿಸೋ ಇಂಜಿನ್, ಜರ್ಮನಿಯ ಡೈಮ್ಲರ್ ಬೆಂಜ್‌ನಿಂದ ಲೈಸೆನ್ಸ್ ಪಡೆದು ಐಚಿ ಕಂಪನಿ ಮಾಡಿದ್ದು. ದೂರದ ದ್ವೀಪಗಳಲ್ಲಿ ಅದನ್ನ ಸುಸ್ಥಿತಿಯಲ್ಲಿ ಇಟ್ಟುಕೊಳ್ಳೋದೇ ಮೆಕ್ಯಾನಿಕ್‌ಗಳಿಗೆ ದೊಡ್ಡ ತಲೆನೋವಾಯ್ತು. ಕೊನೆಗೆ ಆಮೇಲಿನ ಸುಯಿಸೇಗಳಿಗೆ ಗಾಳಿಯಿಂದ ತಣಿಯೋ ಮಿತ್ಸುಬಿಷಿಯ ದುಂಡು ಇಂಜಿನ್ ಕೂರಿಸಿದ್ರು. ಆಮೇಲೆ ಬಗ್ಗಿ ಹೊಟ್ಟೆ ನೋಡಿ: 500 ಕೆಜಿ ಬಾಂಬ್ ಒಳಗೇ ಹಿಡಿಸ್ತಿತ್ತು. ವ್ಯಾಲ್ ತನ್ನ 250 ಕೆಜಿ ಬಾಂಬನ್ನ ಹೊರಗೆ ನೇತುಹಾಕಿಕೊಂಡೇ ಹಾರಬೇಕಿತ್ತು.

ಇನ್ನೊಂದು ಮಾತು. ಬಾಗಿಲ ಹತ್ತಿರವೇ ಥಾಯ್ಲೆಂಡ್-ಬರ್ಮಾ ರೈಲು ಮಾರ್ಗದಲ್ಲಿ ಓಡಿದ ಒಂದು ಉಗಿಬಂಡಿ ಇದೆ. ಆ ಹಳಿ ಹಾಕೋವಾಗ ಮಲಯಾದ ತೋಟಗಳಿಂದ ಕರೆದೊಯ್ದ ತಮಿಳು ಕೂಲಿಗಳು ಸಾವಿರಾರು ಜನ ಸತ್ತರು. ಮ್ಯೂಸಿಯಂ ಯುದ್ಧವನ್ನ ಜಪಾನಿನ ಕಣ್ಣಿಂದಷ್ಟೇ ಹೇಳುತ್ತೆ, ಹಾಗಾಗಿ ಇದನ್ನ ಮಗನಿಗೆ ನೀವೇ ಹೇಳಬೇಕಾಗುತ್ತೆ.

ಆಸ್ಟಿನ್‌ನಲ್ಲಿರುವವರು: ವ್ಯಾಲನ್ನೇ ನೋಡಬೇಕು ಅಂದ್ರೆ ಟೆಕ್ಸಾಸ್‌ಗೆ ಬನ್ನಿ. ಇಲ್ಲಿಂದ ಒಂದೂವರೆ ಗಂಟೆ ದಾರಿ, ಫ್ರೆಡೆರಿಕ್ಸ್‌ಬರ್ಗ್. ಆ ಯುದ್ಧದಲ್ಲಿ ಅಮೆರಿಕದ ಪೆಸಿಫಿಕ್ ನೌಕಾಪಡೆ ನಡೆಸಿದ ಅಡ್ಮಿರಲ್ ನಿಮಿಟ್ಜ್ ಹುಟ್ಟಿದ ಊರು, ಪೆಸಿಫಿಕ್ ಯುದ್ಧದ ರಾಷ್ಟ್ರೀಯ ಮ್ಯೂಸಿಯಂ ಅಲ್ಲೇ ಇದೆ. ಅಲ್ಲಿರೋ ವ್ಯಾಲ್‌ಗೆ ಬಣ್ಣ ಬಳಿದಿಲ್ಲ, ಸಿಕ್ಕ ಸ್ಥಿತಿಯಲ್ಲೇ ಇಟ್ಟಿದ್ದಾರೆ. ನನಗೆ ಅದೇ ಇಷ್ಟ ಆಯ್ತು. ತಗಡು ಹರಿದ ಕಡೆ ಒಳಗಿನ ಪಕ್ಕೆಲುಬು, ಸಾಲು ಸಾಲು ರಿವೆಟ್ ಎಲ್ಲಾ ಕಾಣುತ್ತೆ. ಒಂದೊಂದನ್ನೂ ಯಾರೋ ಕೈಯಲ್ಲಿ ಬಡಿದಿದ್ದು ಅಂತ ಅನಿಸಿ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ಏರ್‌ಶೋ ವಿಡಿಯೋಗಳಲ್ಲಿ ಹಾರೋ 'ವ್ಯಾಲ್' ನೋಡಿ ಮೋಸ ಹೋಗಬೇಡಿ. ಅವು 1970ರ 'ತೋರಾ! ತೋರಾ! ತೋರಾ!' ಸಿನಿಮಾಗೆ ಅಂತ ಅಮೆರಿಕದ ತರಬೇತಿ ವಿಮಾನಗಳನ್ನ ಮಾರ್ಪಾಡು ಮಾಡಿದ್ದು.

ಲಾಸ್ ಏಂಜಲೀಸ್ ಕಡೆಯವರು: ಚೀನೋ ಊರಿನ ಪ್ಲೇನ್ಸ್ ಆಫ್ ಫೇಮ್ ವಿಮಾನ ಮ್ಯೂಸಿಯಂನಲ್ಲೂ ಒಂದು ಸುಯಿಸೇ ಇದೆ, ಇಂಡೊನೇಷ್ಯಾದ ಬಾಬೊದಿಂದ ತಂದಿದ್ದು. ಇದರದ್ದು ದುಂಡು ಮೂತಿ, ಒಳಗಿರೋ ಇಂಜಿನ್ ಅಮೆರಿಕದ್ದು. ಯೂಶೂಕಾನ್‌ನಲ್ಲಿ ಮೂತಿಯ ಫೋಟೋ ಪಕ್ಕದಿಂದ ತೆಗೆದುಕೊಂಡು ಬನ್ನಿ, ಇಲ್ಲಿಯದನ್ನ ನಾನು ಕಳಿಸ್ತೀನಿ. ಎರಡೂ ಪಕ್ಕಪಕ್ಕ ಇಟ್ಟು ನೋಡಲಿ ಹುಡುಗ.