ಬ್ಯಾನ್ ಆಗಿಲ್ಲ ದೊಡ್ಡಪ್ಪ, ಎಚ್ಚರಿಕೆ ಕೊಟ್ಟಿದ್ದಾರೆ
(ನಮ್ಮ ‘ಮನೆ ಮಂದಿ’ ವಾಟ್ಸಾಪ್ ಗುಂಪಿನಿಂದ)

ದೊಡ್ಡಪ್ಪ, ತೀರ್ಥಹಳ್ಳಿ: *ಎಚ್ಚರ!! ಮುಟ್ಟಿನ ಹೊಟ್ಟೆನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್ ಮಾತ್ರೆ ಬ್ಯಾನ್. ಒಂದು ಮಾತ್ರೆಗೇ ಜೀವ ಹೋಗಬಹುದು. ಎಲ್ಲರಿಗೂ ಕಳಿಸಿ.*

ದೊಡ್ಡಪ್ಪ, ತೀರ್ಥಹಳ್ಳಿ: ಹೆಣ್ಣುಮಕ್ಕಳೆಲ್ಲ ಓದಿ. ಮನೆಯಲ್ಲಿದ್ದರೆ ಇವತ್ತೇ ಬಿಸಾಕಿ.

ವಿನುತಾ: ಅಯ್ಯೋ, ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಸ್ಟ್ರಿಪ್ ಇರುತ್ತದೆ!

ನಾನು: ಬ್ಯಾನ್ ಆಗಿಲ್ಲ ದೊಡ್ಡಪ್ಪ. 2023ರ ನವೆಂಬರ್ 30ರಂದು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ, ಅಂದರೆ ಔಷಧಿಗಳ ಗುಣಮಟ್ಟ, ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ, ಒಂದು ಎಚ್ಚರಿಕೆ ಕೊಟ್ಟಿತು. ಈ ಔಷಧಿಯಿಂದ ‘ಡ್ರೆಸ್’ ಅನ್ನುವ ಗಂಭೀರ ಅಲರ್ಜಿ ಆಗಬಹುದು, ಗಮನ ಇಡಿ ಅಂತ. ಜ್ವರ, ಮೈತುಂಬ ದದ್ದು, ಕುತ್ತಿಗೆಯಲ್ಲಿ ಗಂಟು, ಕೆಲವರಿಗೆ ಲಿವರ್ ತೊಂದರೆ. ಸಾಮಾನ್ಯವಾಗಿ ಮಾತ್ರೆ ಶುರುಮಾಡಿ ಎರಡರಿಂದ ಎಂಟು ವಾರದೊಳಗೆ ಕಾಣಿಸುತ್ತದೆ. ಆದರೆ ತೀರಾ ಅಪರೂಪ.

ರಮೇಶ ಚಿಕ್ಕಪ್ಪ, ಸಾಗರ: ಇಷ್ಟು ವರ್ಷ ಮಾರಿ ಈಗ ಹೇಳುತ್ತಾರಲ್ಲ! ಪರೀಕ್ಷೆ ಮಾಡದೇ ಅಂಗಡಿಗೆ ಬಿಟ್ಟರಾ? ಪ್ರಯೋಗ ನಮ್ಮ ಮೇಲೆ ಅಂತಾಯಿತು.

ನಾನು: ಪರೀಕ್ಷೆ ಆಗಿಯೇ ಬರುತ್ತದೆ ಚಿಕ್ಕಪ್ಪ. ಆದರೆ ಅದರಲ್ಲಿ ಸಾಮಾನ್ಯವಾಗಿ ಇರುವುದು ಕೆಲವು ಸಾವಿರ ಜನ. 10,000 ಜನರಲ್ಲಿ ಒಬ್ಬರಿಗೆ ಆಗುವ ತೊಂದರೆ ಒಮ್ಮೆಯಾದರೂ ಕಣ್ಣಿಗೆ ಬೀಳುವುದು ಬಹುತೇಕ ಖಚಿತವಾಗಬೇಕು ಅಂದರೆ ಸುಮಾರು 30,000 ಜನ ಬೇಕು. ಬಸುರಿಯರು, ಕಿಡ್ನಿ ತೊಂದರೆ ಇರುವವರು, ಅಮ್ಮಮ್ಮನ ಹಾಗೆ ದಿನಕ್ಕೆ ಏಳೆಂಟು ಮಾತ್ರೆ ನುಂಗುವವರು ಅಲ್ಲಿ ಇರುವುದೇ ಕಡಿಮೆ. ಹಾಗಾಗಿ ಮಾರಾಟ ಶುರುವಾದ ಮೇಲೂ ನೋಡುತ್ತಲೇ ಇರಬೇಕು.

ರಮೇಶ ಚಿಕ್ಕಪ್ಪ, ಸಾಗರ: ನೋಡುವವರು ಯಾರು? ಕಂಪನಿಗಳು ಮುಚ್ಚಿಡುವುದಿಲ್ವಾ?

ನಾನು: ಆ ಸಿಟ್ಟು ನನಗೂ ಇದೆ. ರೊಫೆಕಾಕ್ಸಿಬ್ ಅನ್ನುವ ನೋವಿನ ಮಾತ್ರೆ 1999ರಲ್ಲಿ ಅಮೆರಿಕದಲ್ಲಿ ಬಂತು. ಹೃದಯಾಘಾತ ಜಾಸ್ತಿ ಅನ್ನುವ ಸುಳಿವು 2000ದಲ್ಲೇ ಸಿಕ್ಕಿತ್ತು. ವಾಪಸ್ ತೆಗೆದಿದ್ದು 2004ರಲ್ಲಿ. ಅದಕ್ಕೇ ಕಂಪನಿಯನ್ನು ಮಾತ್ರ ನಂಬಿ ಕೂರಬಾರದು. ಡಾಕ್ಟರು, ನರ್ಸು, ಮೆಡಿಕಲ್ ಶಾಪಿನ ನಾನು, ಮಾತ್ರೆ ನುಂಗಿದವರು, ಎಲ್ಲರೂ ವರದಿ ಮಾಡಬಹುದು. ನಮ್ಮ ದೇಶದಲ್ಲಿ 2010ರಿಂದ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮವೇ ಇದೆ, ಈಗ ಅದನ್ನು ನಡೆಸುವುದು ಆ ಆಯೋಗವೇ.

ವಿನುತಾ: ಹೋದ ಮಳೆಗಾಲದಲ್ಲಿ ನನ್ನ ಮಗನಿಗೆ ಆಂಟಿಬಯಾಟಿಕ್ ಶುರುಮಾಡಿದ ಮೂರನೇ ದಿನ ಬೆನ್ನು, ಹೊಟ್ಟೆಯೆಲ್ಲ ಕೆಂಪು ದದ್ದು ಎದ್ದಿತ್ತಲ್ಲ ಅಕ್ಕಾ? ಡಾಕ್ಟರು ಔಷಧಿ ಬದಲಿಸಿದರು, ಕಡಿಮೆಯಾಯಿತು.

ನಾನು: ಅದನ್ನು ಯಾರಾದರೂ ವರದಿ ಮಾಡಿದರಾ ವಿನು?

ವಿನುತಾ: ಇಲ್ಲ. ಹಾಗೆ ಮಾಡಬೇಕು ಅಂತಲೇ ಗೊತ್ತಿರಲಿಲ್ಲ.

ರಮೇಶ ಚಿಕ್ಕಪ್ಪ, ಸಾಗರ: ದದ್ದು ಮಾತ್ರೆಯಿಂದಲೇ ಬಂತು ಅಂತ ಏನು ಗ್ಯಾರಂಟಿ? ವೈರಲ್ ಜ್ವರಕ್ಕೂ ಏಳುತ್ತದೆ. ಸುಮ್ನೆ ಬರೆದು ಕಳಿಸಿದರೆ ಒಳ್ಳೆಯ ಔಷಧಿಗೂ ಕೆಟ್ಟ ಹೆಸರು.

ನಾನು: ಒಂದೇ ವರದಿ ನೋಡಿ ಯಾರೂ ತೀರ್ಪು ಕೊಡುವುದಿಲ್ಲ ಚಿಕ್ಕಪ್ಪ. ಫಾರ್ಮಿನಲ್ಲೇ ‘ಅನುಮಾನ’ ಅಂತ ಕೇಳುತ್ತಾರೆ, ಸಾಕ್ಷಿ ಕೇಳುವುದಿಲ್ಲ. ಜೊತೆಗೆ ಬೇರೆ ಏನು ತಗೊಂಡಿದ್ದಿರಿ, ಮಾತ್ರೆ ನಿಲ್ಲಿಸಿದ ಮೇಲೆ ಕಡಿಮೆಯಾಯಿತಾ, ಇದೆಲ್ಲ ನೋಡುತ್ತಾರೆ. ಇಲ್ಲಿಂದ ಒಂದು, ಅಸ್ಸಾಮಿನಿಂದ ಒಂದು, ಹೀಗೆ ಒಂದೇ ಥರದ್ದು ಸೇರಿದಾಗ ತಜ್ಞರು ಕೂತು ಪರಿಶೀಲಿಸುತ್ತಾರೆ. ಬಸುರಿಯರು ನುಂಗುತ್ತಿದ್ದ ಥಾಲಿಡೋಮೈಡ್ ಮಾತ್ರೆಯಿಂದ ಕೈಕಾಲು ಬೆಳೆಯದ ಮಕ್ಕಳು ಹುಟ್ಟುತ್ತಿದ್ದಾಗ, 1961ರಲ್ಲಿ ಜರ್ಮನಿಯ ಲೆಂಟ್ಸ್, ಆಸ್ಟ್ರೇಲಿಯಾದ ಮೆಕ್‌ಬ್ರೈಡ್ ಅನ್ನುವ ಡಾಕ್ಟರುಗಳು ‘ಇದರಿಂದ ಇರಬಹುದಾ?’ ಅಂತ ಕೇಳಿದರು. ಗ್ಯಾರಂಟಿಗೆ ಕಾದಿದ್ದರೆ ಇನ್ನೆಷ್ಟು ಮಕ್ಕಳು?

ದೊಡ್ಡಪ್ಪ, ತೀರ್ಥಹಳ್ಳಿ: ಇದ್ಯಾವುದೂ ಬೇಡ ಮಾರಾಯ್ತಿ. ನಾನು ದಿನಾ ಅಮೃತಬಳ್ಳಿ ಕಷಾಯ ಕುಡಿಯುತ್ತೇನೆ. ಸೈಡ್ ಎಫೆಕ್ಟೇ ಇಲ್ಲ.

ನಾನು: ದೊಡ್ಡಪ್ಪ, ಬಿಪಿ ಮಾತ್ರೆ ಬರೆಯುವ ಡಾಕ್ಟರಿಗೆ ಆ ಕಷಾಯದ ವಿಷಯ ಹೇಳಿದ್ದೀರಾ? ದಯವಿಟ್ಟು ಹೇಳಿ. ಬೇರು, ಸೊಪ್ಪಿನದ್ದಾದರೂ ಮೈಯೊಳಗೆ ಹೋದ ಮೇಲೆ ಅದೂ ಔಷಧಿಯೇ.

ದೊಡ್ಡಪ್ಪ, ತೀರ್ಥಹಳ್ಳಿ: ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಯಿತು, ಈ ಸಲ ಹೇಳುತ್ತೇನೆ.

ವಿನುತಾ: ಅಕ್ಕಾ, ಮಗನದ್ದು ಈಗ ಕಳಿಸಬಹುದಾ? ಡಾಕ್ಟರ ಚೀಟಿ ಇದೆ, ಬಾಟಲಿ ಇಲ್ಲ.

ನಾನು: ಕಳಿಸಬಹುದು. ಔಷಧಿಯ ಹೆಸರು, ಶುರುಮಾಡಿದ ದಿನ, ದದ್ದು ಎದ್ದ ದಿನ ಬರೆ. ಬ್ಯಾಚ್ ನಂಬರ್ ಇಲ್ಲದಿದ್ದರೆ ಬಿಡು. ಮಗನ ಪೂರ್ತಿ ಹೆಸರೂ ಬೇಡ, ಇನಿಷಿಯಲ್ ಸಾಕು. ಜನಸಾಮಾನ್ಯರ ಫಾರ್ಮು ಕನ್ನಡದಲ್ಲೂ ಇದೆ. ಆ ಕಾರ್ಯಕ್ರಮದ ಸಹಾಯವಾಣಿ 1800-180-3024, ಕರೆ ಉಚಿತ.

ವಿನುತಾ: ಮತ್ತೆ ನನ್ನ ಬ್ಯಾಗಿನ ಸ್ಟ್ರಿಪ್?

ನಾನು: ಹೆದರಿ ಬಿಸಾಕಬೇಡ. ಆದರೆ ನೀನೇ ತಗೊಂಡು ನುಂಗುವುದೂ ಬೇಡ, ಒಮ್ಮೆ ಡಾಕ್ಟರನ್ನು ಕೇಳು. ಜ್ವರದ ಜೊತೆ ದದ್ದು ಬಂದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗು, ಸ್ಟ್ರಿಪ್ ಕೈಯಲ್ಲೇ ಇರಲಿ. ದೊಡ್ಡಪ್ಪ, ಆ ಮೆಸೇಜು ಬೇರೆ ಗುಂಪಿಗೂ ಹಾಕಿದ್ದೀರಾ?

ದೊಡ್ಡಪ್ಪ, ತೀರ್ಥಹಳ್ಳಿ: ಅಡಿಕೆ ಬೆಳೆಗಾರರ ಗುಂಪಿಗೆ ಹಾಕಿದ್ದೆ. ನೀನು ಮೇಲೆ ಬರೆದಿದ್ದನ್ನೇ ಅಲ್ಲಿಗೂ ಹಾಕುತ್ತೇನೆ. ನಂಬರ್ ಸರಿ ಇದೆ ತಾನೇ?

ನಾನು: ಸರಿ ಇದೆ, ಹಾಕಿ.